ಹಿಂದಿನ ಆರ್ಡರಿನ ರಿಯಾಯಿತಿ ಮುಂದಿನವರಿಗೆ: ಒಂದು ಪ್ರಕರಣ ಅಧ್ಯಯನ

ನಾನು ಕೆಲಸ ಮಾಡಿದ ಒಂದು ತಂಡದಲ್ಲಿ ನಡೆದ ಸಂಗತಿ ಇದು. ಯಾವ ಸಂಸ್ಥೆ, ಯಾರು ಯಾರು ಅನ್ನುವುದನ್ನು ಹೇಳುವುದಿಲ್ಲ. ಗಿರಾಕಿಗಳ ಬಗೆ, ಶೇಕಡಾ ಲೆಕ್ಕ ಎಲ್ಲವನ್ನೂ ಬದಲಿಸಿದ್ದೇನೆ. ತಪ್ಪು ಹೇಗೆ ಹುಟ್ಟಿತು, ಹೇಗೆ ಅಡಗಿ ಕೂತಿತು ಅನ್ನುವುದು ಮಾತ್ರ ನಡೆದ ಹಾಗೇ ಇದೆ. ಇಂಥ ತಪ್ಪು ಯಾರ ಕೋಡಿನಲ್ಲಾದರೂ ಇರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಹಿನ್ನೆಲೆ

ತಂಡದ ಬಳಿ ಪೈಥಾನ್ ಭಾಷೆಯಲ್ಲಿ ಬರೆದ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ ಇತ್ತು. ಪ್ರತಿ ರಾತ್ರಿ ಓಡುತ್ತಿತ್ತು. ಅವತ್ತು ಬಂದ ಆರ್ಡರುಗಳನ್ನು ಡೇಟಾಬೇಸಿನಿಂದ ತೆಗೆದುಕೊಂಡು, ಒಂದೊಂದಕ್ಕೂ ರಿಯಾಯಿತಿ ಕಳೆದು, ಬಿಲ್ ಮಾಡಿ, ಗಿರಾಕಿಗೆ ಮೇಲ್ ಕಳಿಸುವುದು ಅದರ ಕೆಲಸ. ಬರೆದವರು ಅನುಭವಿ. ಕೋಡು ಚೊಕ್ಕವಾಗಿತ್ತು, ಟೆಸ್ಟುಗಳೂ ಇದ್ದವು. ವರ್ಷದ ಮೇಲೆ ಯಾವ ತಕರಾರೂ ಇಲ್ಲದೆ ಓಡಿತ್ತು.

ಆಗ ಗಿರಾಕಿಗಳಲ್ಲಿ ಎರಡೇ ಬಗೆ, ಸಾಮಾನ್ಯ ಮತ್ತು ಸಗಟು. ಸ್ಕ್ರಿಪ್ಟಿನ ಮುಖ್ಯ ಲೂಪನ್ನು (ಪ್ರತಿ ಆರ್ಡರಿಗೂ ಒಂದೊಂದು ಸುತ್ತು ತಿರುಗುವ ಭಾಗವನ್ನು) ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

ಪ್ರತಿ ಆರ್ಡರಿಗೆ:
    ಬಗೆ ಸಾಮಾನ್ಯ ಆಗಿದ್ದರೆ: ರಿಯಾಯಿತಿ = 5
    ಇಲ್ಲವೇ, ಬಗೆ ಸಗಟು ಆಗಿದ್ದರೆ: ರಿಯಾಯಿತಿ = 12
    ಬಿಲ್ = ಮೊತ್ತ − ಮೊತ್ತ × ರಿಯಾಯಿತಿ / 100

ಎರಡೂ ಅಲ್ಲದಿದ್ದರೆ ಏನು ಮಾಡಬೇಕು ಅನ್ನುವ ಎಲ್ಸ್ ಇಲ್ಲಿಲ್ಲ. ಬರೆದ ದಿನ ಅದು ಬೇಕಾಗಿಯೂ ಇರಲಿಲ್ಲ. ಎರಡೇ ಬಗೆ ಇದ್ದಾಗ ಮೂರನೆಯದನ್ನು ಯಾರು ಯೋಚಿಸುತ್ತಾರೆ, ಅಲ್ವಾ?

ಆಮೇಲೆ ಟ್ರಯಲ್ ಅನ್ನುವ ಮೂರನೇ ಬಗೆ ಬಂತು. ಹೊಸದಾಗಿ ಸೇರುವವರಿಗೆ ಮೊದಲ ಕೆಲವು ಆರ್ಡರುಗಳ ಮೇಲೆ ಶೇಕಡಾ 8 ರಿಯಾಯಿತಿ. ಇದನ್ನು ಸೇರಿಸಿದ್ದು ಬೇರೆ ತಂಡ. ಅವರು ನೋಂದಣಿ ಪುಟ ಬದಲಿಸಿದರು, ಡೇಟಾಬೇಸ್ ಬದಲಿಸಿದರು. ರಾತ್ರಿ ಓಡುವ ಈ ಸ್ಕ್ರಿಪ್ಟಿನಲ್ಲೂ ಗಿರಾಕಿಯ ಬಗೆಯನ್ನು ನೋಡುವ ಒಂದು ಇಫ್ ಷರತ್ತು ಇದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಒಮ್ಮೊಮ್ಮೆ ಬೀಳುವ ಸ್ಕ್ರಿಪ್ಟ್

ಕೆಲವು ದಿನಗಳಲ್ಲಿ ಸ್ಕ್ರಿಪ್ಟ್ ಒಂದು ರಾತ್ರಿ ಅರ್ಧಕ್ಕೆ ನಿಂತಿತು. ಲಾಗಿನಲ್ಲಿ ಇದ್ದದ್ದು ಅನ್‌ಬೌಂಡ್‌ಲೋಕಲ್‌ಎರರ್. ಅಂದರೆ, ವ್ಯಾಲ್ಯೂ ಕೊಡುವ ಮೊದಲೇ ರಿಯಾಯಿತಿ ಅನ್ನುವ ಲೋಕಲ್ ವೇರಿಯಬಲ್ಲನ್ನು (ವ್ಯಾಲ್ಯೂ ಇಟ್ಟುಕೊಳ್ಳುವ ಹೆಸರನ್ನು) ಬಳಸಿದ್ದೀರಿ ಎಂಬ ದೂರು. ರಾತ್ರಿ ಪಾಳಿಯವರು ಸ್ಕ್ರಿಪ್ಟನ್ನು ಮತ್ತೆ ಓಡಿಸಿದರು. ಸಲೀಸಾಗಿ ಮುಗಿಯಿತು. ನಾಲ್ಕು ದಿನ ಬಿಟ್ಟು ಮತ್ತೆ ಬಿತ್ತು, ಮತ್ತೆ ಓಡಿಸಿದರು, ಮತ್ತೆ ಸರಿಹೋಯಿತು. ಪಾಳಿಯವರ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲು ಸೇರಿಕೊಂಡಿತು: "ಬಿಲ್ಲಿಂಗ್ ಬಿದ್ದರೆ ಇನ್ನೊಂದು ಸಲ ಓಡಿಸಿ, ಸರಿಹೋಗುತ್ತೆ."

ಒಂದು ತಪ್ಪು ತಾನಾಗಿ ಸರಿಹೋದರೆ ಅದಕ್ಕೆ ಏನಾದರೂ ಕಾರಣ ಇದ್ದೇ ಇರುತ್ತದೆ. ಇಲ್ಲಿನ ಕಾರಣ ನಮಗೆ ತಿಳಿದದ್ದು ಬಹಳ ತಡವಾಗಿ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ.

ಪೈಥಾನಿನಲ್ಲಿ ಲೂಪಿನ ಒಳಭಾಗಕ್ಕೆ ತನ್ನದೇ ಆದ ಸ್ಕೋಪ್, ಅಂದರೆ ವೇರಿಯಬಲ್ಲುಗಳಿಗೆ ಪ್ರತ್ಯೇಕ ವಲಯ, ಇಲ್ಲ. ಒಂದು ಸುತ್ತಿನಲ್ಲಿ ವೇರಿಯಬಲ್ಲಿಗೆ ಕೊಟ್ಟ ವ್ಯಾಲ್ಯೂ ಮುಂದಿನ ಸುತ್ತಿನಲ್ಲೂ ಅಲ್ಲೇ ಕೂತಿರುತ್ತದೆ. ಸಗಟು ಗಿರಾಕಿಯ ಬೆನ್ನಿಗೆ ಟ್ರಯಲ್ ಗಿರಾಕಿ ಬಂದರೆ ಎರಡು ಷರತ್ತುಗಳೂ ಸುಳ್ಳಾಗುತ್ತವೆ, ರಿಯಾಯಿತಿಯನ್ನು ಯಾರೂ ಮುಟ್ಟುವುದಿಲ್ಲ. ಹಿಂದಿನ 12 ಹಾಗೇ ಉಳಿಯುತ್ತದೆ, ಬಿಲ್ ಅದರ ಮೇಲೇ ಆಗುತ್ತದೆ. ಸಾಮಾನ್ಯ ಗಿರಾಕಿಯ ಬೆನ್ನಿಗೆ ಬಂದರೆ 5. ಸ್ಕ್ರಿಪ್ಟ್ ಬೀಳುವುದು ಒಂದೇ ಸಂದರ್ಭದಲ್ಲಿ: ಪಟ್ಟಿಯ ಮೊಟ್ಟಮೊದಲ ಆರ್ಡರೇ ಟ್ರಯಲ್ ಗಿರಾಕಿಯದಾಗಿದ್ದಾಗ. ಆಗ ಹಿಂದಿನಿಂದ ಉಳಿದು ಬಂದ ವ್ಯಾಲ್ಯೂ ಯಾವುದೂ ಇರುವುದಿಲ್ಲ.

ಹಾಗಾದರೆ ಮತ್ತೆ ಓಡಿಸಿದಾಗ ಯಾಕೆ ಬೀಳಲಿಲ್ಲ? ಡೇಟಾಬೇಸಿನಿಂದ ಆರ್ಡರುಗಳನ್ನು ಕೇಳಿ ತರುವ ಕ್ವೆರಿಯಲ್ಲಿ ಆರ್ಡರ್ ಬೈ, ಅಂದರೆ ಸಾಲುಗಳನ್ನು ಯಾವ ಕ್ರಮದಲ್ಲಿ ಕೊಡಬೇಕು ಅನ್ನುವ ಸೂಚನೆ, ಇರಲಿಲ್ಲ. ಅದಿಲ್ಲದಿದ್ದರೆ ಸಾಲುಗಳು ಯಾವ ಕ್ರಮದಲ್ಲಿ ಬರುತ್ತವೆ ಅನ್ನುವುದಕ್ಕೆ ಡೇಟಾಬೇಸ್ ಯಾವ ಭರವಸೆಯನ್ನೂ ಕೊಡುವುದಿಲ್ಲ. ನಮ್ಮದು ಪೋಸ್ಟ್‌ಗ್ರೆಸ್. ಅದರಲ್ಲಿ ಒಂದು ಸಾಲನ್ನು ಅಪ್‌ಡೇಟ್ ಮಾಡಿದರೆ ಹಳೆಯದರ ಮೇಲೆ ಬರೆಯುವುದಿಲ್ಲ, ಹೊಸ ಪ್ರತಿಯೊಂದನ್ನು ಬೇರೆ ಜಾಗದಲ್ಲಿ ಬರೆಯುತ್ತದೆ. ಸ್ಕ್ರಿಪ್ಟ್ ಪ್ರತಿ ಆರ್ಡರನ್ನು ಕೈಗೆತ್ತಿಕೊಂಡ ಕೂಡಲೇ "ಶುರುವಾಗಿದೆ" ಎಂದು ಗುರುತು ಹಾಕಿ ಕಮಿಟ್ ಮಾಡುತ್ತಿತ್ತು, ಅಂದರೆ ಡೇಟಾಬೇಸಿನಲ್ಲಿ ಖಾಯಂ ಮಾಡುತ್ತಿತ್ತು. ಆ ಗುರುತಿನಿಂದಾಗಿ ಮೊದಲನೇ ಸಾಲು ಹಿಂದಕ್ಕೆ ಸರಿಯುತ್ತಿತ್ತು. ಎರಡನೇ ಓಟದಲ್ಲಿ ಬೇರೆ ಯಾರದೋ ಆರ್ಡರ್ ಮೊದಲಿಗೆ ಬರುತ್ತಿತ್ತು. ಟ್ರಯಲ್ ಗಿರಾಕಿ ಇನ್ನೊಬ್ಬರ ಹಿಂದೆ ನಿಂತು, ಅವರ ರಿಯಾಯಿತಿಯನ್ನೇ ಪಡೆದು, ಸದ್ದಿಲ್ಲದೆ ದಾಟಿಬಿಡುತ್ತಿದ್ದರು.

ನನಗೆ ಇಡೀ ಪ್ರಕರಣದಲ್ಲಿ ಬಹಳ ಕಾಡಿದ್ದು ಇದೇ. ಸ್ಕ್ರಿಪ್ಟ್ ಬಿದ್ದ ರಾತ್ರಿಗಳಲ್ಲಿ ಆ ಒಂದು ಬಿಲ್ಲಾದರೂ ತಪ್ಪಾಗಿ ಹೊರಗೆ ಹೋಗದೆ ನಿಂತಿತ್ತು. ಮತ್ತೆ ಓಡಿಸಿ ನಾವು ಅದನ್ನೂ ಕಳಿಸಿದೆವು.

ಮೊದಲ ರಿಪೇರಿ

ಮೂರನೇ ಸಲ ಬಿದ್ದಾಗ ಟಿಕೆಟ್ (ದೂರಿನ ದಾಖಲೆ) ಒಬ್ಬ ಡೆವಲಪರ್ ಕೈಗೆ ಬಂತು. ಎರರ್ ಹೇಳುತ್ತಿರುವುದು ವ್ಯಾಲ್ಯೂ ಇಲ್ಲ ಅಂತ. ಅವರು ಲೂಪಿನ ಮೇಲೆ ಒಂದು ಸಾಲು ಸೇರಿಸಿದರು: ರಿಯಾಯಿತಿ = 0. ಟೆಸ್ಟುಗಳು ಪಾಸಾದವು, ರಿವ್ಯೂ (ಬದಲಾದ ಕೋಡನ್ನು ತಂಡದ ಬೇರೆಯವರು ಓದಿ ನೋಡುವುದು) ಎರಡು ನಿಮಿಷದಲ್ಲಿ ಮುಗಿಯಿತು, ಟಿಕೆಟ್ ಮುಚ್ಚಿತು. ಅಲ್ಲಿಂದ ಮುಂದೆ ಸ್ಕ್ರಿಪ್ಟ್ ಒಮ್ಮೆಯೂ ಬೀಳಲಿಲ್ಲ.

ಆ ರಿವ್ಯೂ ಮಾಡಿದವರಲ್ಲಿ ನಾನೂ ಒಬ್ಬ. ಒಂದೇ ಸಾಲು, ಸರಳ ಬದಲಾವಣೆ ಅಂದುಕೊಂಡು ಒಪ್ಪಿಗೆ ಕೊಟ್ಟೆ. ಇಷ್ಟು ದಿನ ಇದ್ದ ವ್ಯಾಲ್ಯೂ ಈಗ ಯಾಕಿಲ್ಲ, ಯಾವ ಆರ್ಡರಿನಲ್ಲಿ ಇಲ್ಲ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಸಾಲು ಲೂಪಿನ ಹೊರಗಿತ್ತು. ಹಾಗಾಗಿ ಹಿಂದಿನ ಸುತ್ತಿನ ವ್ಯಾಲ್ಯೂ ಮುಂದಕ್ಕೆ ಸೋರುವುದು ಹಾಗೇ ಮುಂದುವರಿಯಿತು. ಮೊದಲು ಬೀಳುತ್ತಿದ್ದ ಒಂದು ಸಂದರ್ಭವೂ ಈಗ ಸೊನ್ನೆ ರಿಯಾಯಿತಿಯ ಬಿಲ್ಲಾಗಿ ಹೊರಗೆ ಹೋಗತೊಡಗಿತು.

ಒಂದೇ ರಾತ್ರಿ, ಎರಡು ಬಿಲ್

ತಿರುವು ಬಂದದ್ದು ಗಿರಾಕಿಯೊಬ್ಬರ ಮೇಲ್‌ನಿಂದ. ಒಂದೇ ದಿನ ಎರಡು ಆರ್ಡರ್ ಹಾಕಿದ್ದರು. ಎರಡೂ ಬಿಲ್ ಒಟ್ಟಿಗೆ ಬಂದಿದ್ದವು. ಒಂದರಲ್ಲಿ ಶೇಕಡಾ 5 ಕಳೆದಿತ್ತು, ಇನ್ನೊಂದರಲ್ಲಿ 12. ಯಾವುದು ಸರಿ ಅಂತ ಅವರ ಪ್ರಶ್ನೆ. ಸಪೋರ್ಟಿನವರು ಕೈಯಾರೆ ಸರಿಪಡಿಸಿ ಉತ್ತರಿಸಿದರು. ಅದೇ ವಾರ ಅಂಥದೇ ಇನ್ನೊಂದು ಮೇಲ್ ಬಂತು.

ಎರಡನ್ನೂ ನೋಡಿದ ಸಪೋರ್ಟಿನ ಒಬ್ಬರು ಇಬ್ಬರ ಖಾತೆಯನ್ನೂ ಪಕ್ಕಪಕ್ಕ ತೆರೆದು ನೋಡಿದರು. ಇಬ್ಬರೂ ಟ್ರಯಲ್. ಅವರು ನಮಗೆ ಬರೆದದ್ದು ಇಷ್ಟೇ: "ಟ್ರಯಲ್‌ನವರಿಗೆ ಎಷ್ಟು ರಿಯಾಯಿತಿ ಅಂತ ನಿಮ್ಮ ಸ್ಕ್ರಿಪ್ಟಿಗೆ ಗೊತ್ತಿದೆಯಾ, ಸರ್?"

ಸ್ಕ್ರಿಪ್ಟ್ ಬೀಳುವುದು ಒಂದು ಟಿಕೆಟ್, ಬಿಲ್ ತಪ್ಪು ಇನ್ನೊಂದು ಟಿಕೆಟ್. ಎರಡೂ ಒಂದೇ ರೋಗದ ಲಕ್ಷಣ ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕೋಡು ಓದದ ಒಬ್ಬರು ಕೇಳಿದ ಪ್ರಶ್ನೆ ಎರಡನ್ನೂ ಜೋಡಿಸಿತು. ಆಗ ನಾವು ಟ್ರಯಲ್ ಗಿರಾಕಿಗಳ ಹಳೇ ಬಿಲ್ಲುಗಳನ್ನೆಲ್ಲ ತೆಗೆದು, ಮೊತ್ತ ಮತ್ತು ಬಿಲ್ ಎರಡರ ವ್ಯತ್ಯಾಸದಿಂದ ಎಷ್ಟು ಶೇಕಡಾ ಕಳೆದಿದೆ ಎಂದು ಲೆಕ್ಕ ಹಾಕಿದೆವು. 5 ಇತ್ತು, 12 ಇತ್ತು, ಕೆಲವು ಕಡೆ 0 ಇತ್ತು. 8 ಒಂದೂ ಇರಲಿಲ್ಲ.

ಎರಡನೇ ರಿಪೇರಿ, ಮತ್ತು ನಿಂತು ಕೇಳಿದ ಪ್ರಶ್ನೆ

ಈಗ ಸೋರಿಕೆ ಎಲ್ಲಿ ಅಂತ ಗೊತ್ತಾಗಿತ್ತು. ಮೊದಲು ಬಂದ ಸಲಹೆ ಆ ಸೊನ್ನೆಯ ಸಾಲನ್ನು ಲೂಪಿನ ಒಳಗೆ ತರುವುದು. ಪ್ರತಿ ಸುತ್ತಿನಲ್ಲೂ ರಿಯಾಯಿತಿ 0ಯಿಂದ ಶುರುವಾಗುತ್ತದೆ, ಹಿಂದಿನವರದ್ದು ಮುಂದಿನವರಿಗೆ ಹೋಗುವುದಿಲ್ಲ. ಸೋರಿಕೆ ನಿಲ್ಲುವುದು ನಿಜ. ಆದರೆ ಟ್ರಯಲ್ ಗಿರಾಕಿಗಳಿಗೆಲ್ಲ ಸೊನ್ನೆ ರಿಯಾಯಿತಿ ಸಿಗುತ್ತದೆ. ಎಲ್ಲರಿಗೂ ಒಂದೇ ಥರ ತಪ್ಪು. ಎರಡು ಬಿಲ್ ಹೋಲಿಸಿ ನೋಡಿದರೂ ವ್ಯತ್ಯಾಸ ಕಾಣದು. ಹಾಗಾಗಿ ಯಾರೂ ದೂರುವುದೂ ಇಲ್ಲ.

ಈ ಸಲ ರಿವ್ಯೂನಲ್ಲಿ ನಿಂತು ಕೇಳಿದೆವು: ಈ ಸೊನ್ನೆಯನ್ನು ಹೇಳಿದವರು ಯಾರು? ವ್ಯವಹಾರ ನೋಡಿಕೊಳ್ಳುವವರು ಹೇಳಿದ್ದು 8. ಗುರುತೇ ಇಲ್ಲದ ಬಗೆ ಬಂದರೆ ಎಷ್ಟು ಅಂತ ಯಾರೂ ಹೇಳಿಲ್ಲ. ಎರರ್ ಬಾಯಿ ಮುಚ್ಚಿಸಲು ಒಬ್ಬ ಡೆವಲಪರ್ ಬರೆದ ಸಂಖ್ಯೆ ಅದು.

ಇಲ್ಲಿ ಒಂದು ಭೇದ ಇದೆ, ಅದನ್ನು ಗಟ್ಟಿಯಾಗಿ ಹೇಳಬೇಕು. ಲೂಪಿನ ಮೊದಲು "ಒಟ್ಟು = 0" ಅಂತ ಬರೆಯುವುದು ಸರಿ. ಏನನ್ನೂ ಕೂಡಿಸದಿದ್ದರೆ ಒಟ್ಟು ನಿಜಕ್ಕೂ ಸೊನ್ನೆಯೇ. ಖಾಲಿ ಪಟ್ಟಿಯಿಂದ ಶುರುಮಾಡುವುದೂ ಹಾಗೇ. "ರಿಯಾಯಿತಿ = 0" ಹಾಗಲ್ಲ. ಈ ಗಿರಾಕಿಗೆ ರಿಯಾಯಿತಿ ಇಲ್ಲ ಅನ್ನುವ ತೀರ್ಮಾನ ಅದು, ಮತ್ತು ಆ ತೀರ್ಮಾನವನ್ನು ಯಾರೂ ತೆಗೆದುಕೊಂಡಿರಲಿಲ್ಲ. ಬರೆಯುವಾಗ ಎರಡು ಸಾಲೂ ಒಂದೇ ಥರ ಕಾಣುತ್ತವೆ. ತಪ್ಪು ನುಸುಳುವುದು ಅಲ್ಲೇ.

ಸೊನ್ನೆಯ ಬದಲು ನನ್ (None, ಪೈಥಾನಿನಲ್ಲಿ "ಏನೂ ಇಲ್ಲ" ಅನ್ನುವ ವ್ಯಾಲ್ಯೂ) ಇಡೋಣ ಅಂತ ಒಬ್ಬರು ಅಂದರು. ಅದು ಸೊನ್ನೆಗಿಂತ ಮೇಲು. ನನ್ ಜೊತೆ ಗುಣಾಕಾರ ಮಾಡಹೋದರೆ ಟೈಪ್‌ಎರರ್ ಬರುತ್ತದೆ, ಅಂದರೆ ತಪ್ಪು ಬಿಲ್ ಹೋಗುವುದಿಲ್ಲ. ಆದರೆ ಗುಣಾಕಾರ ಇಲ್ಲದ ಕಡೆ ಅದೂ ದಾಟಿಕೊಳ್ಳುತ್ತದೆ. ನಮ್ಮ ಮೇಲ್ ಟೆಂಪ್ಲೇಟಿನಲ್ಲಿ ರಿಯಾಯಿತಿಯನ್ನು ನೇರವಾಗಿ ಅಕ್ಷರಕ್ಕೆ ಇಳಿಸುವ ಒಂದು ಸಾಲಿತ್ತು. ಅಲ್ಲಿಗೆ ಹೋಗಿದ್ದರೆ ಗಿರಾಕಿಗೆ "ನಿಮ್ಮ ರಿಯಾಯಿತಿ: ನನ್" ಅನ್ನುವ ಮೇಲ್ ತಲುಪುತ್ತಿತ್ತು.

ಮೂರನೇ ರಿಪೇರಿ

ಕೊನೆಗೆ ಮಾಡಿದ್ದು ಇದು. ರಿಯಾಯಿತಿ ಹುಡುಕುವ ಕೆಲಸವನ್ನು ಲೂಪಿನಿಂದ ಕಿತ್ತು ಒಂದು ಪುಟ್ಟ ಫಂಕ್ಷನ್ ಮಾಡಿದೆವು:

ರಿಯಾಯಿತಿ_ಎಷ್ಟು(ಬಗೆ):
    ಸಾಮಾನ್ಯ ಆದರೆ: 5 ವಾಪಸ್ ಕೊಡು
    ಸಗಟು ಆದರೆ: 12 ವಾಪಸ್ ಕೊಡು
    ಟ್ರಯಲ್ ಆದರೆ: 8 ವಾಪಸ್ ಕೊಡು
    ಯಾವುದೂ ಅಲ್ಲದಿದ್ದರೆ: "ಈ ಬಗೆ ಗೊತ್ತಿಲ್ಲ" ಎಂದು ಬಗೆಯ ಹೆಸರಿನೊಂದಿಗೆ ಎರರ್ ಎಬ್ಬಿಸು

ಇದರ ಒಳಗೆ ಖಾಲಿ ಉಳಿಯಬಹುದಾದ ವೇರಿಯಬಲ್ಲೇ ಇಲ್ಲ. ಪ್ರತಿ ದಾರಿಯೂ ಒಂದೋ ಉತ್ತರ ಕೊಟ್ಟು ಹೊರಡುತ್ತದೆ, ಇಲ್ಲವೇ ಕೂಗುತ್ತದೆ. ಒಂದು ಕರೆ ಮುಗಿದರೆ ಏನೂ ಉಳಿಯುವುದಿಲ್ಲ. ಹಾಗಾಗಿ ಹಿಂದಿನ ಆರ್ಡರಿನದ್ದು ಸೋರಲು ಜಾಗವೇ ಇಲ್ಲ.

ಬಗೆಯನ್ನು ಕೀ ಮಾಡಿಕೊಂಡು ಡಿಕ್ಷನರಿ (ಕೀ ಕೊಟ್ಟರೆ ಅದರ ವ್ಯಾಲ್ಯೂ ಕೊಡುವ ಪಟ್ಟಿ) ಇಟ್ಟರೂ ಆಗುತ್ತದೆ. ಚೌಕ ಕಂಸದಲ್ಲಿ ಕೇಳಿದರೆ ಗೊತ್ತಿಲ್ಲದ ಬಗೆಗೆ ಕೀಎರರ್ ಸಿಗುತ್ತದೆ. ಆದರೆ ಗೆಟ್ ಬಳಸಿ, ಸಿಗದಿದ್ದರೆ 0 ಕೊಡು ಅಂದರೆ ಹಳೇ ಸೊನ್ನೆ ಹೊಸ ವೇಷದಲ್ಲಿ ವಾಪಸ್ ಬಂದ ಹಾಗೆ.

ಕೂಗಿದ ಮೇಲೆ ಏನು? ಇದರ ಮೇಲೆ ತಂಡದಲ್ಲಿ ಜಾಸ್ತಿ ಮಾತಾಯಿತು. ಒಂದು ಆರ್ಡರಿಗೆ ಬಗೆ ಗೊತ್ತಿಲ್ಲ ಅಂತ ರಾತ್ರಿಯ ಎಲ್ಲ ಬಿಲ್ಲನ್ನೂ ನಿಲ್ಲಿಸಬೇಕೆ? ನಿಲ್ಲಿಸಿದರೆ ತಪ್ಪೇನೂ ಮಾಡದ ಗಿರಾಕಿಗಳ ಬಿಲ್ ತಡವಾಗುತ್ತದೆ. ಪಾಳಿಯವರು ಮತ್ತೆ "ಇನ್ನೊಂದು ಸಲ ಓಡಿಸಿ" ಅನ್ನುವ ದಾರಿ ಹಿಡಿಯುತ್ತಾರೆ. ನಾವು ಒಪ್ಪಿಕೊಂಡದ್ದು ಹೀಗೆ: ಎರರ್ ಬಂದ ಆರ್ಡರನ್ನು ಬದಿಗಿಡುವುದು, ಅದಕ್ಕೆ ಬಿಲ್ ಕಳಿಸದಿರುವುದು, ಉಳಿದವನ್ನು ಮುಗಿಸುವುದು, ಕೊನೆಯಲ್ಲಿ ಬದಿಗಿಟ್ಟ ಪಟ್ಟಿಯನ್ನು ಮೇಲ್ ಮಾಡಿ ಸ್ಕ್ರಿಪ್ಟ್ ವಿಫಲ ಎಂದೇ ಮುಗಿಯುವುದು. ಕೊನೆಯ ಭಾಗಕ್ಕೆ ಕೆಲವರು ಒಪ್ಪಲಿಲ್ಲ. ಹೆಚ್ಚಿನ ಕೆಲಸ ಆಗಿದೆಯಲ್ಲ, ಯಶಸ್ವಿ ಅನ್ನೋಣ ಅಂದರು. ಹಸಿರು ಗುರುತು ಬಿದ್ದರೆ ಆ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ ಅನ್ನುವುದು ನನ್ನ ವಾದ. ಈಗಲೂ ಅದೇ ಅನ್ನುತ್ತೇನೆ.

ಜೊತೆಗೆ ಕ್ವೆರಿಗೆ ಆರ್ಡರ್ ಬೈ ಹಾಕಿದೆವು. ಮತ್ತೆ ಓಡಿಸಿದಾಗ ಅದೇ ತಪ್ಪು ಅದೇ ಜಾಗದಲ್ಲಿ ಸಿಗಬೇಕು.

ಟೆಸ್ಟುಗಳು ಯಾಕೆ ಹಿಡಿಯಲಿಲ್ಲ

ಮೂಲ ಕೋಡಿಗೆ ಲೈನ್ ಕವರೇಜ್, ಅಂದರೆ ಟೆಸ್ಟುಗಳು ಓಡಿಸಿದ ಸಾಲುಗಳ ಪಾಲು, ಶೇಕಡಾ 100 ಇತ್ತು. ಸಾಮಾನ್ಯಕ್ಕೆ ಒಂದು ಟೆಸ್ಟ್, ಸಗಟಿಗೆ ಒಂದು. ಎರಡೂ ಸೇರಿ ಪ್ರತಿ ಸಾಲನ್ನೂ ಓಡಿಸಿದ್ದವು. ಆದರೆ ಬರೆಯದ ಎಲ್ಸ್‌ಗೆ ಸಾಲೇ ಇಲ್ಲ. ಇಲ್ಲದ ಸಾಲು ಓಡಲಿಲ್ಲ ಅಂತ ಲೈನ್ ಕವರೇಜ್ ಹೇಗೆ ತಾನೇ ಹೇಳೀತು? ಷರತ್ತಿನ ಪ್ರತಿ ಕವಲನ್ನೂ ಲೆಕ್ಕ ಇಡುವ ಬ್ರಾಂಚ್ ಕವರೇಜ್ ಹೇಳುತ್ತದೆ. ಎರಡನೇ ಷರತ್ತು ಸುಳ್ಳಾಗಿ ಕೆಳಗೆ ಜಿಗಿಯುವ ದಾರಿಯನ್ನು ಯಾವ ಟೆಸ್ಟೂ ಹಿಡಿದಿಲ್ಲ ಅಂತ ಅದು ಬೆರಳಿಟ್ಟು ತೋರಿಸುತ್ತದೆ. ಪೈಥಾನಿನ ಕವರೇಜ್ ಟೂಲಿನಲ್ಲಿ ಅದಕ್ಕೆ ಒಂದು ಆಪ್ಶನ್ ಕೊಟ್ಟರೆ ಸಾಕು. ನಾವು ಕೊಟ್ಟಿರಲಿಲ್ಲ.

ಟೆಸ್ಟುಗಳಲ್ಲಿ ಇನ್ನೊಂದು ಕೊರತೆಯೂ ಇತ್ತು. ಪ್ರತಿ ಟೆಸ್ಟೂ ಒಂದೇ ಆರ್ಡರಿನ ಪಟ್ಟಿ ಕೊಡುತ್ತಿತ್ತು. ಒಂದೇ ಆರ್ಡರ್ ಇದ್ದರೆ ಒಂದು ಸುತ್ತಿನಿಂದ ಇನ್ನೊಂದಕ್ಕೆ ಸೋರುವುದು ಕಾಣುವುದೇ ಇಲ್ಲ. ಈಗ ಮೂರು ಬಗೆಗಳನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿ ಓಡಿಸುತ್ತೇವೆ.

ಟೂಲ್ ನೋಡಿದ್ದು, ನಾವು ಅದರ ಕಣ್ಣು ಕಟ್ಟಿದ್ದು

ಎಲ್ಲ ಮುಗಿದ ಮೇಲೆ, ಕೋಡಿನ ಹಳೇ ಆವೃತ್ತಿಗಳನ್ನು ಇಟ್ಟುಕೊಳ್ಳುವ ಗಿಟ್‌ನಿಂದ ಸ್ಕ್ರಿಪ್ಟಿನ ಮೊಟ್ಟಮೊದಲ ಆವೃತ್ತಿ ತೆಗೆದು, ಪೈಥಾನ್ ಕೋಡನ್ನು ಓಡಿಸದೆಯೇ ಪರೀಕ್ಷಿಸುವ ಪೈರೈಟ್ ಟೂಲಿಗೆ ಕೊಟ್ಟೆವು. ಬಿಲ್ ಲೆಕ್ಕದ ಸಾಲಿನ ಮೇಲೆ ನೇರವಾಗಿ ಗುರುತು ಬಿತ್ತು: ರಿಯಾಯಿತಿಗೆ ಇಲ್ಲಿ ವ್ಯಾಲ್ಯೂ ಇಲ್ಲದೇ ಇರಬಹುದು. ಆಮೇಲೆ ಮೊದಲ ರಿಪೇರಿಯ ಆವೃತ್ತಿ ಕೊಟ್ಟೆವು, ಲೂಪಿನ ಮೇಲೆ ಸೊನ್ನೆ ಇಟ್ಟದ್ದನ್ನು. ಒಂದು ಮಾತೂ ಇಲ್ಲ. ಸೊನ್ನೆ ಕೊಟ್ಟದ್ದರಿಂದ ಟೂಲಿನ ದೃಷ್ಟಿಯಲ್ಲಿ ಎಲ್ಲ ದಾರಿಯಲ್ಲೂ ವ್ಯಾಲ್ಯೂ ಇದೆ. ನಮ್ಮ ರಿಪೇರಿ ರನ್‌ಟೈಮ್ ಎರರನ್ನು ಮಾತ್ರವಲ್ಲ, ಆ ಎಚ್ಚರಿಕೆಯನ್ನೂ ತೆಗೆದುಹಾಕಿತ್ತು.

ಬೇರೆ ಭಾಷೆಗಳಲ್ಲೂ ಇದೇ ಕತೆ. ಜಾವಾದಲ್ಲಿ ವೇರಿಯಬಲ್ಲನ್ನು ಲೂಪಿನೊಳಗೆ ಘೋಷಿಸಿ ಒಂದು ದಾರಿಯಲ್ಲಿ ವ್ಯಾಲ್ಯೂ ಕೊಡದೆ ಬಳಸಿದರೆ ಕಂಪೈಲ್ ಆಗುವುದೇ ಇಲ್ಲ. ಪ್ರತಿ ದಾರಿಯಲ್ಲೂ ವ್ಯಾಲ್ಯೂ ಸಿಕ್ಕಿರಲೇಬೇಕು ಅನ್ನುವುದು ಆ ಭಾಷೆಯ ನಿಯಮ. ಸಿ ಶಾರ್ಪ್, ರಸ್ಟ್ ಕೂಡ ಹಾಗೇ. ಆದರೆ ಅಲ್ಲೂ ಕಂಪೈಲರ್ ಗೊಣಗಿದ ಕೂಡಲೇ "= 0" ಅಂತ ಬರೆದುಬಿಟ್ಟರೆ ಕಂಪೈಲರ್ ಸುಮ್ನಾಗುತ್ತದೆ, ತಪ್ಪು ಉಳಿಯುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ವೇರಿಯಬಲ್ ಘೋಷಿಸಲು ಹಳೇ ವಾರ್ ಬಳಸಿದರೆ ನಮ್ಮ ಪೈಥಾನ್ ಲೂಪಿನ ಹಾಗೇ ಹಿಂದಿನ ಸುತ್ತಿನದ್ದು ಉಳಿಯುತ್ತದೆ. 2015ರಲ್ಲಿ ಬಂದ ಲೆಟ್ ಬಳಸಿ ಲೂಪಿನೊಳಗೆ ಘೋಷಿಸಿದರೆ ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಸಿಗುತ್ತದೆ. ಸಿ ಭಾಷೆಯಲ್ಲಿ ಎಲ್ಲಕ್ಕಿಂತ ಕಷ್ಟ. ವ್ಯಾಲ್ಯೂ ಕೊಡದ ಲೋಕಲ್ ವೇರಿಯಬಲ್ ಓದಿದರೆ ಏನು ಸಿಗುತ್ತದೆ ಅಂತ ಯಾರೂ ಹೇಳಲಾರರು. ಕಂಪೈಲರಿನ ಎಚ್ಚರಿಕೆಗಳನ್ನು ಆನ್ ಮಾಡದೆ ಅಲ್ಲಿ ಕೆಲಸ ಮಾಡಲೇಬಾರದು.

ಪೈಥಾನಿನ ಇಂಥದೇ ಬೇರೆ ಟೂಲುಗಳಾದ ಪೈಲಿಂಟ್‌ನಲ್ಲೂ ಮೈಪೈನಲ್ಲೂ ಈ ಪರೀಕ್ಷೆ ಇದೆ. ಮೈಪೈನಲ್ಲಿ ಅದು ತಾನಾಗಿ ಆನ್ ಇರುವುದಿಲ್ಲ, ನಾವೇ ಹಾಕಬೇಕು. ನಾವು ಪೈರೈಟ್ ಎಚ್ಚರಿಕೆಯನ್ನು ಎರರ್ ದರ್ಜೆಗೆ ಏರಿಸಿ ಉಳಿದ ಕೋಡಿನ ಮೇಲೆಲ್ಲ ಓಡಿಸಿದಾಗ ಇನ್ನೂ ಮೂರು ಜಾಗ ಸಿಕ್ಕವು. ಒಂದು ಟ್ರೈ ಒಳಗೆ ಫೈಲ್ ಓದಿ ದರಪಟ್ಟಿ ತರುವ ಕೋಡು. ಎರರ್ ಬಂದರೆ ಓಡುವ ಎಕ್ಸೆಪ್ಟ್ ಭಾಗದಲ್ಲಿ ಲಾಗ್ ಮಾಡಿ ಸುಮ್ಮನಾಗಿತ್ತು, ಕೆಳಗೆ ದರಪಟ್ಟಿಯನ್ನು ಧಾರಾಳವಾಗಿ ಬಳಸಿತ್ತು. ಲಾಗ್ ಮಾಡಿದ ಮೇಲೆ ಎರರನ್ನು ಮತ್ತೆ ಮೇಲಕ್ಕೆ ಎಸೆಯುವ ಹಾಗೆ ಬದಲಿಸಿದೆವು. ಇನ್ನೊಂದು, ಲೂಪ್ ಮುಗಿದ ಮೇಲೆ ಕೊನೆಯ ಆರ್ಡರಿನ ಸಂಖ್ಯೆಯನ್ನು ಲಾಗ್ ಮಾಡುವ ಸಾಲು. ಆರ್ಡರೇ ಇಲ್ಲದ ದಿನ ಲೂಪ್ ಒಂದು ಸುತ್ತೂ ತಿರುಗದೆ, ಆ ಸಾಲಿನಲ್ಲಿ ಬೀಳುತ್ತಿತ್ತು.

ಮೂರನೆಯದು ಸುಳ್ಳು ಎಚ್ಚರಿಕೆ. ಒಂದೇ ಷರತ್ತಿನ ಎರಡು ಇಫ್ ದೂರದೂರದಲ್ಲಿದ್ದವು. ಮೊದಲನೆಯದರಲ್ಲಿ ವ್ಯಾಲ್ಯೂ ಕೊಟ್ಟು ಎರಡನೆಯದರಲ್ಲಿ ಬಳಸಿತ್ತು. ಎರಡೂ ಒಟ್ಟಿಗೇ ನಿಜವಾಗುತ್ತವೆ ಅಂತ ಟೂಲಿಗೆ ಕಾಣಲಿಲ್ಲ. ಆ ಸಾಲಿಗೆ ಎಚ್ಚರಿಕೆ ಬೇಡ ಅಂತ ಕಾಮೆಂಟ್ ಹಾಕಬಹುದಿತ್ತು. ನಾವು ಎರಡು ಇಫ್‌ಗಳನ್ನು ಸೇರಿಸಿ ಒಂದು ಮಾಡಿದೆವು. ಓದುವವರಿಗೂ ಅದೇ ಸುಲಭವಾಯಿತು.

ನಾಲ್ಕನೇ ಬಗೆ

ಕೊನೆಯದಾಗಿ ಗಿರಾಕಿಯ ಬಗೆಯನ್ನು ಬರೀ ಅಕ್ಷರವಾಗಿ ಬಿಡದೆ ಈನಮ್, ಅಂದರೆ ಇಷ್ಟೇ ಬಗೆ ಎಂದು ಮೊದಲೇ ಗೊತ್ತು ಮಾಡಿದ ಪಟ್ಟಿ, ಮಾಡಿದೆವು. ಡೇಟಾಬೇಸಿನಿಂದ ಬರುವ ಪದ ಈನಮ್‌ನಲ್ಲಿ ಇಲ್ಲದಿದ್ದರೆ ಬಾಗಿಲಲ್ಲೇ ವ್ಯಾಲ್ಯೂಎರರ್ ಬರುತ್ತದೆ. ಫಂಕ್ಷನ್ನಿನ ಕೊನೆಯ ದಾರಿಯಲ್ಲಿ ಪೈಥಾನ್ 3.11ರಲ್ಲಿ ಬಂದ ಅಸರ್ಟ್ ನೆವರ್ (ಇಲ್ಲಿಗೆ ಯಾವ ಬಗೆಯೂ ಬರಬಾರದು ಅನ್ನುವ ಗುರುತು) ಇಟ್ಟೆವು. ಈನಮ್‌ಗೆ ಹೊಸ ಬಗೆ ಸೇರಿಸಿ ಫಂಕ್ಷನ್ನಿನಲ್ಲಿ ಅದಕ್ಕೆ ದಾರಿ ಬರೆಯದಿದ್ದರೆ, ಕೋಡು ಓಡುವ ಮೊದಲೇ ಪೈರೈಟ್ ತಡೆಯುತ್ತದೆ.

ಕೆಲವು ತಿಂಗಳಾದ ಮೇಲೆ ಆ ಬೇರೆ ತಂಡದವರು ನಾಲ್ಕನೇ ಬಗೆ ಸೇರಿಸಲು ಬದಲಾವಣೆ ಕಳಿಸಿದರು. ಬಿಲ್ಲಿಂಗ್ ಫೈಲನ್ನು ಅವರು ಮುಟ್ಟಿರಲಿಲ್ಲ. ಪೈರೈಟ್ ಚೆಕ್ ಅದೇ ಫೈಲಿನ ಮೇಲೆ ಕೆಂಪಾಯಿತು. ಅರ್ಧ ಗಂಟೆಯಲ್ಲಿ ಅವರಿಂದ ನಮಗೆ ಮೆಸೇಜ್ ಬಂತು: "ಈ ಬಗೆಗೆ ರಿಯಾಯಿತಿ ಎಷ್ಟು ಅಂತ ನಮಗೂ ಗೊತ್ತಿಲ್ಲ. ಯಾರನ್ನ ಕೇಳಬೇಕು?"